ಬಾಲ್ಕನಿಯಲ್ಲಿ ನಕ್ಕವಳು

ಹಳೆಯ ವಿಡಿಯೊ ಕ್ಯಾಸೆಟ್ಟನ್ನು ಡಿಸ್ಕಿಗೆ ಇಳಿಸುವ ಖರ್ಚಿನಲ್ಲಿ ಒಂದು ಡಬಲ್ ಹಾಸಿಗೆಯ ಹತ್ತಿ, ಬಟ್ಟೆ, ಹೊಲಿಗೆ ಕೂಲಿ ಎಲ್ಲ ಮುಗಿದುಹೋಗುತ್ತದೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದ್ದರೆ ಮೇಲೆ ಎರಡು ದಿಂಬು. ಹಾಸಿಗೆ ಅಂಗಡಿಯವರು ಯಾವುದಕ್ಕೇ ಆಗಲಿ ಲೆಕ್ಕ ಹಾಕುವುದು ಹೀಗೆ. ಈ ಕೆಲಸಕ್ಕಂತೂ ಅವರು ಅಂಗಡಿಯ ಅರ್ಧ ಹಾಸಿಗೆಗಳನ್ನು ಕೊಡಲೂ ತಯಾರಿದ್ದರು. ಆದರೆ ಅಂಥ ಕ್ಯಾಸೆಟ್ ಓಡಿಸುವ ಯಂತ್ರ ಊರಿಗೆಲ್ಲ ಎರಡೇ ಉಳಿದಿದ್ದವು. ಒಂದು ಅವರ ಮನೆಯದು. ಅದು ಅವತ್ತು ಬೆಳಿಗ್ಗೆ ಕ್ಯಾಸೆಟ್ಟಿನ ಟೇಪನ್ನು ಎಮ್ಮೆಯ ಹಾಗೆ ಮೆಲುಕು ಹಾಕಿ, ಒಂದು ಸಲ ಹೊಗೆ ಬಿಟ್ಟು, ಸುಮ್ಮನಾಯಿತು. ಇನ್ನೊಂದು ಬೀದಿಯ ಚಿತ್ರಸಂಘದ್ದು. ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಸಂಘ 'ಕ್ಲಾಸಿಕ್' ಎಂದು ಒಪ್ಪಿದ ಚಿತ್ರಕ್ಕೆ ಮಾತ್ರ ಆ ಬೀಗ ತೆರೆಯುತ್ತಿತ್ತು.

ಹಾಸಿಗೆಯವರ ಕೈಯಲ್ಲಿದ್ದುದು ಒಂದು ಹಳೆಯ ಹಾಸ್ಯ ಚಿತ್ರ. ಬಾಡಿಗೆ ಕೊಡಲಾರದ ಒಬ್ಬ, ಮನೆ ಮಾಲೀಕ ಬಂದಾಗಲೆಲ್ಲ ಬಟ್ಟೆ ಬೀರುವಿನಲ್ಲಿ ಅವಿತುಕೊಳ್ಳುತ್ತಾನೆ. ಕಥೆ ಎಂದರೆ ಅಷ್ಟೇ. ನಿಜ ಹೇಳಬೇಕೆಂದರೆ ಹಾಸಿಗೆಯವರಿಗೆ ಅದನ್ನು ನೋಡಿ ಒಂದು ಸಲವೂ ನಗು ಬಂದಿರಲಿಲ್ಲ. ನಗು ಬರುತ್ತಿದ್ದುದು ಅವರ ಹೆಂಡತಿಗೆ. ಟಾಕೀಸು ಮುಚ್ಚುವ ಮುಂಚಿನ ಕಡೆಯ ಆಟದ ದಿನ, ಅಲ್ಲಿನ ಆಪರೇಟರ್ ಬಾಲ್ಕನಿಯಲ್ಲಿ ಕ್ಯಾಮೆರಾ ನಿಲ್ಲಿಸಿ ಪರದೆಯನ್ನೇ ಚಿತ್ರ ತೆಗೆದಿದ್ದ. ಕ್ಯಾಮೆರಾದ ಪಕ್ಕದ ಕುರ್ಚಿಯಲ್ಲಿ ಅವಳು, ಅವಳ ಪಕ್ಕ ಇವರು. ಚಿತ್ರದ ಮಾತೆಲ್ಲ ಬಾಯಿಪಾಠವಾಗಿದ್ದರಿಂದ ಜೋಕು ಬರುವ ಮೊದಲೇ ನಗುತ್ತಿದ್ದಳು. ಹೊಸ ಹತ್ತಿಯ ಮೂಟೆ ಬಿಚ್ಚಿದ ಹಾಗೆ ಮೊದಲು ಸಣ್ಣಗೆ ಬಿರಿದು, ಆಮೇಲೆ ಕೋಣೆಯೆಲ್ಲ ತುಂಬಿಕೊಳ್ಳುವ ನಗು.

ಅವಳು ಹೋದಮೇಲೆ ಹಾಸಿಗೆಯವರು ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದು, ಕ್ಯಾಸೆಟ್ ಹಾಕಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಚಿತ್ರವನ್ನು ಅವರು ನೋಡುತ್ತಲೇ ಇರಲಿಲ್ಲ, ಟೇಪಿನಲ್ಲಿ ಸೇರಿಕೊಂಡಿದ್ದ ಆ ನಗುವನ್ನು ಕೇಳುತ್ತಿದ್ದರು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬೀದಿಯವರಿಗೆ ಮುಂದಿನ ವರ್ಷದವರೆಗೂ ಆಡಿಕೊಳ್ಳಲು ಸಾಕು.

"ಭಾವ, ಮೇಷ್ಟ್ರಿಗೆ ನಗು ಅಂದ್ರೆ ಆಗಲ್ಲ," ಎಂದ ಹೆಂಡತಿಯ ತಮ್ಮ. ಕರೆಯದಿದ್ದರೂ ಬಂದು ಸಲಹೆ ಕೊಡುವುದು ಅವನ ಅಭ್ಯಾಸ. "ಹಾಸ್ಯ ಚಿತ್ರ ಅಂದ್ರೆ ಮೆಟ್ಟಿಲಿಂದಲೇ ವಾಪಸ್ ಕಳಿಸ್ತಾರೆ. ದುಃಖದ ಸಿನಿಮಾ ಅನ್ನಿ."

"ಅದರಲ್ಲಿ ದುಃಖ ಎಲ್ಲಿದೆಯೋ?"

"ನೀವು ಬಾಯಿ ಬಿಡಿ. ದುಃಖ ನಾನು ತುಂಬ್ತೀನಿ."

ಹನ್ನೊಂದು ಗಂಟೆಗೆ ವಾಚನಾಲಯದ ಮಹಡಿಯಲ್ಲಿ ಸಂಘದ ಸಭೆ ಸೇರಿತು. ಮೇಷ್ಟ್ರು ಕ್ಯಾಸೆಟ್ಟನ್ನು ಎರಡೇ ಬೆರಳಿನಲ್ಲಿ, ಸತ್ತ ಜಿರಲೆ ಹಿಡಿದ ಹಾಗೆ ಎತ್ತಿದರು.

"ಹಾಸಿಗೆಯವರೇ, ನಮ್ಮ ಹಳೇ ಹಾಸ್ಯ ಚಿತ್ರಗಳು ಬಿಸಿ ತಿಂಡಿ ಇದ್ದ ಹಾಗೆ. ಆ ಹೊತ್ತಿಗೆ ರುಚಿ. ಹಳಸಿದ್ದನ್ನೆಲ್ಲ ಕ್ಲಾಸಿಕ್ ಅನ್ನೋಕಾಗುತ್ತಾ?"

"ಹಾಗಲ್ಲ ಮೇಷ್ಟ್ರೇ. ಅಷ್ಟು ಜನ ಒಟ್ಟಿಗೆ ಕೂತು ನಕ್ಕಿದ್ದು..."

ಭಾವಮೈದ ಮೇಜಿನ ಕೆಳಗೆ ಕಾಲು ತುಳಿದ. ಹಾಸಿಗೆಯವರು ಮಾತು ಹೊರಳಿಸಿದರು. "ಅದು ನಗೋಕೆ ಮಾಡಿದ ಸಿನಿಮಾನೇ ಅಲ್ಲ."

"ಅವನು ಅವಿತುಕೊಳ್ಳೋ ಬೀರು ಇದೆಯಲ್ಲ ಮೇಷ್ಟ್ರೇ, ಅದು ಬೀರು ಅಲ್ಲ," ಎಂದು ಭಾವಮೈದ ಸೇರಿಸಿದ. "ಅದು ಸಮಾಜ."

ಸಂಘದ ಖಜಾಂಚಿಯಾಗಿದ್ದ ಔಷಧಿ ಅಂಗಡಿಯಾಕೆ ಸುಲಭಕ್ಕೆ ಬಗ್ಗುವವರಲ್ಲ. "ಕೊನೇಲಿ ಅವನು ಬಟ್ಟೆ ಒಣಹಾಕೋ ತಂತಿಗೆ ಸಿಕ್ಕಾಕ್ಕೊಂಡು ನೇತಾಡ್ತಾನಲ್ಲ. ಅದೂ ಸಮಾಜನಾ?"

ಹಾಸಿಗೆಯವರು ಉತ್ತರಿಸಲು ಎದ್ದು ನಿಂತರು. ಆ ದೃಶ್ಯ ಬಂದಾಗಲೇ ಅವಳು ನಗು ತಡೆಯಲಾಗದೆ ಅವರ ತೋಳನ್ನು ಹಿಡಿದು ಜಗ್ಗಿದ್ದು. ತೋಳಿಗೆ ಅದು ಈಗಲೂ ಗೊತ್ತಿತ್ತು.

"ಒಬ್ಬ ಮೇಲೆ ನೇತಾಡ್ತಿದ್ದಾನಮ್ಮ. ಕೆಳಗಿರೋರು ನಗ್ತಿದ್ದಾರೆ. ಅವನಿಗೆ ಹೇಗಾಗ್ತಿದೆ ಅಂತ ಯಾರಾದ್ರೂ ಕೇಳಿದ್ರಾ?" ಎನ್ನುವಷ್ಟರಲ್ಲಿ ಕಣ್ಣಲ್ಲಿ ನೀರು ನಿಜವಾಗಿಯೇ ಬಂತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಕ್ಷಮಿಸಿ. ಇಷ್ಟು ದಿನ ನಾನೇ ತಪ್ಪು ತಿಳಿದಿದ್ದೆ. ಇವತ್ತು ಸಂಜೆಯೇ ತೋರಿಸೋಣ."

ಯಂತ್ರ ನಡೆಸಿ ಡಿಸ್ಕಿಗೆ ಇಳಿಸಲು ಬಲ್ಲವರು ಫೋಟೋ ಸ್ಟುಡಿಯೋದಾಕೆ ಒಬ್ಬರೇ. ಮೇಷ್ಟ್ರು ಕ್ಯಾಸೆಟ್ಟನ್ನೂ ಯಂತ್ರವನ್ನೂ ಅವರಲ್ಲಿಗೆ ಕಳಿಸಿ, ಹೊರಗೆ ಹೋಗಿ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. "ಚೆನ್ನಾಗಿ ಶುದ್ಧ ಮಾಡಮ್ಮ, ಏನೂ ಉಳೀಬಾರ್ದು," ಎಂದದ್ದಷ್ಟೇ ಒಳಗೆ ಕೇಳಿಸಿತು. ಬೂಷ್ಟಿನ ಬಗ್ಗೆ ಎಷ್ಟು ಕಾಳಜಿ ಎಂದು ಹಾಸಿಗೆಯವರು ಮನಸ್ಸಿನಲ್ಲೇ ಕೈ ಮುಗಿದರು.

ಸಂಜೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಗೆ ಹೆಣ್ಣು ನೋಡಲು ಬಂದವರಂತೆ ಮೊದಲ ಸಾಲಿನಲ್ಲಿ ಬಂದು ಕೂತರು. ಪಕ್ಕದ ಕುರ್ಚಿಯ ಮೇಲೆ ಟವೆಲು ಹಾಕಿ ಯಾರನ್ನೂ ಕೂರಗೊಡಲಿಲ್ಲ. ಇದು ಬಡವರ ನೋವಿನ ಮಹಾಚಿತ್ರ ಎಂದು ಮೇಷ್ಟ್ರು ಭಾಷಣ ಮಾಡಿದರು. ದೀಪ ಆರಿತು.

ಮನೆ ಮಾಲೀಕ ಬಾಗಿಲು ಬಡಿದ. ಹಾಸಿಗೆಯವರು ಕಣ್ಣು ಮುಚ್ಚಿದರು. ಇಲ್ಲೇ ಅವಳು ಶುರು ಮಾಡುವುದು.

ಏನೂ ಕೇಳಿಸಲಿಲ್ಲ. ಇನ್ನೂ ತಡ ಇರಬೇಕು ಎಂದುಕೊಂಡರು. ಬೀರುವಿನ ಬಾಗಿಲು ಕಳಚಿ ಬಿತ್ತು. ಆಗಲೂ ಇಲ್ಲ. ಕೊನೆಗೆ ತಂತಿಯ ದೃಶ್ಯ ಬಂತು. ಮಹಡಿಯಲ್ಲಿ ಎಲ್ಲರೂ ಸಂತಾಪ ಸಭೆಗೆ ಬಂದವರಂತೆ ತಲೆ ತಗ್ಗಿಸಿದ್ದರು. ಔಷಧಿ ಅಂಗಡಿಯಾಕೆ ಮೂಗು ಒರೆಸಿಕೊಳ್ಳುತ್ತಿದ್ದರು. ಹಾಸಿಗೆಯವರು ತಮ್ಮ ತೋಳನ್ನು ತಾವೇ ಹಿಡಿದುಕೊಂಡು ಕೂತಿದ್ದರು.

ದೀಪ ಹೊತ್ತಿದ ಕೂಡಲೇ ಸ್ಟುಡಿಯೋದಾಕೆಯ ಬಳಿಗೆ ಓಡಿದರು. "ಅಮ್ಮಾ, ಜನ ನಗೋದು ಎಲ್ಲಿ ಹೋಯ್ತು?"

"ಡಿಸ್ಕಿಗೆ ಇಳಿಸೋವಾಗ ಎಲ್ಲಾ ತೆಗೆದುಬಿಟ್ಟೆ ಅಂಕಲ್," ಎಂದರು ಆಕೆ ಹೆಮ್ಮೆಯಿಂದ. "ಗಂಭೀರ ಚಿತ್ರ, ತಿಳೀದವರು ನಕ್ಕಿದ್ದಾರೆ, ಒಂದು ನಗೂ ಉಳೀಬಾರ್ದು ಅಂದ್ರು ಮೇಷ್ಟ್ರು. ಬೇರೆಯವರದ್ದೆಲ್ಲ ಬೇಗ ಹೋಯ್ತು. ಕ್ಯಾಮೆರಾ ಪಕ್ಕ ಯಾರೋ ಒಬ್ಬರು ಹೆಂಗಸು, ಅಬ್ಬ, ಕುಕ್ಕರ್ ಕೂಗಿದ ಹಾಗೆ. ಅವರೊಬ್ಬರನ್ನ ತೆಗೆಯೋಕೆ ಊಟ ಬಿಟ್ಟು ಕೂತಿದ್ದೆ."

"ಕ್ಯಾಸೆಟ್ ಕೊಡಮ್ಮ."

"ಒಂದೇ ಸಲ ಓಡಿತು. ಆಮೇಲೆ ಪುಡಿಪುಡಿ. ಬೂಷ್ಟು ತಿಂದುಹಾಕಿತ್ತು."

"ತೆಗೆದ ನಗು? ಅದನ್ನ ಎಲ್ಲಾದ್ರೂ ಇಟ್ಟಿದ್ದೀಯಾ?"

"ಗುಡಿಸಿದ ಕಸ ಯಾರಾದ್ರೂ ಇಟ್ಕೊಳ್ತಾರಾ ಅಂಕಲ್?"

ಪಕ್ಕದಲ್ಲಿ ನಿಂತಿದ್ದ ಭಾವಮೈದ ಅವರ ಮುಖವನ್ನೇ ನೋಡುತ್ತಿದ್ದ. ಅವನಿಗೆ ಬಹಳ ತಡವಾಗಿ ಹೊಳೆಯಿತು. "ಭಾವ, ಅದು ಅಕ್ಕನಾ?"

"ಹೂಂ."

"ಒಂದು ಮಾತು ಹೇಳಿದ್ದಿದ್ರೆ ಮೇಷ್ಟ್ರ ಬೀರುವಿನ ಬೀಗ ನಾನೇ ಒಡೀತಿದ್ದೆ."

ಅಷ್ಟರಲ್ಲಿ ಮೇಷ್ಟ್ರು ಬಂದು ಹಾಸಿಗೆಯವರ ಕೈ ಕುಲುಕಿದರು. ಒಂದು ಚಿತ್ರದ ಬಗ್ಗೆಯೂ ಒಮ್ಮತಕ್ಕೆ ಬಾರದಿದ್ದ ಸಂಘ ಅವತ್ತು ಒಮ್ಮತದಿಂದ ಅದನ್ನು ಕ್ಲಾಸಿಕ್ ಎಂದು ಒಪ್ಪಿತ್ತು. ಹಾಸಿಗೆಯವರಿಗೆ ಡಿಸ್ಕು ಪುಕ್ಕಟೆ ಸಿಕ್ಕಿತು. ಹೆಂಡತಿಯ ನಗು ಹೋಯಿತು.