ಧೂಳಪ್ಪ ಸೈಕಲ್ ಏರಿದ ಗುರುವಾರ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಎಪ್ಪತ್ನಾಲ್ಕನೆಯ ಇಸವಿಯ ಒಂದು ಗುರುವಾರ ಮುಂಜಾನೆ, ಇಂಡಿ ಎಂಬ ಊರಿನ ಒಂದು ಸರಕಾರಿ ಕಚೇರಿಗೆ ವಿಜಾಪುರದಿಂದ ಒಂದು ಹಸಿರು ಸೈಕಲ್ ಬಂತು. ಇಂಡಿಯಾದ ಇತಿಹಾಸದಲ್ಲಿ ಇದಕ್ಕೆ ಜಾಗ ಸಿಗಲಿಕ್ಕಿಲ್ಲ. ಇಂಡಿಯ ಇತಿಹಾಸದಲ್ಲಾದರೂ ಅರ್ಧ ಪುಟ ಕೊಡಬೇಕು. ಹೆಡ್ ಕ್ಲಾರ್ಕ್ ಬಸಂತರಾಯರು ಹ್ಯಾಂಡಲಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಸೈಕಲ್ ಜೊತೆಗೆ ಬಂದ ಹುಕುಂ ಕಾಗದ ಹಿಡಿದು ಸಾಹೇಬರ ಮಾತು ಸಾರಿದರು: "ಟಪಾಲು ಒಯ್ಯೂ ಸಿಪಾಯಿಗೆ ಸೈಕಲ್ ಕೊಡೂದೈತಿ. ಮಧ್ಯಾಹ್ನ ಮೂರಕ್ಕ ಪರೀಕ್ಷಾ. ಯಾರಿಗೂ ಹೊಡ್ಯಾಕ ಬರಲಿಲ್ಲಂದ್ರ ಇದು ವಾಪಸ್ ವಿಜಾಪುರಕ್ಕ!"

ಕಚೇರಿಯಲ್ಲಿದ್ದ ಸಿಪಾಯಿಗಳು ಇಬ್ಬರೇ. ಝಳಕಿಗೆ ಟಪಾಲು ಒಯ್ಯುವ ಯಂಕಪ್ಪ ಜೋಳದ ಚೀಲಕ್ಕೆ ಅಂಗಿ ತೊಡಿಸಿದಂತಿದ್ದ. "ನನಗ ಬ್ಯಾಡೋ ಯಪ್ಪಾ. ಝಳಕಿಗೆ ಲಾರಿ ಸಿಗತಾವ. ಕುಂತ ಹೋಗಾಂವ ತುಳಕೋತ ಯಾಕ ಹೋಗಲಿ?" ಎಂದು ಕೈ ಝಾಡಿಸಿದ.

ಇನ್ನೊಬ್ಬ ಸಿಪಾಯಿ ಧೂಳಪ್ಪ ಮಾತ್ರ ಸೈಕಲ್ಲನ್ನು ಹೊಸ ಮದುಮಗಳನ್ನು ನೋಡುವಂತೆ ನೋಡಿದ. ಹನ್ನೆರಡು ವರ್ಷದಿಂದ ಅವನು ಸಾಲೋಟಗಿಗೆ ನಡೆದೇ ಟಪಾಲು ಒಯ್ಯುತ್ತಿದ್ದ. ಅವನ ಹಿಮ್ಮಡಿಗಳು ಬೇಸಿಗೆಯ ಎರೆಹೊಲದಂತೆ ಬಿರಿದಿದ್ದವು. ಹೆಂಡತಿ ಶಂಕ್ರೆವ್ವ ದಿನಾ ಸಂಜೆ ಅದಕ್ಕೆ ಮೇಣ ತುಂಬುತ್ತಿದ್ದಳು, ಗೋಡೆಗೆ ಗಾರೆ ಹಚ್ಚುವಂತೆ.

"ಬರತೈತೇನೋ ಧೂಳಪ್ಪ?" ಎಂದರು ಬಸಂತರಾಯರು.

"ಬರತೈತ್ರಿ!" ಅಂದುಬಿಟ್ಟ ಧೂಳಪ್ಪ. ಬಂದದ್ದು ಬರೀ ಬೆವರು.

ಅರ್ಧ ದಿನದ ರಜೆ ಹಾಕಿ ಮನೆಗೆ ಓಡಿದ. ಪಕ್ಕದ ಮನೆಯ ರಹಿಮಾಬಿಯ ಗಂಡ ಊರೂರು ತಿರುಗಿ ಬಳೆ ಮಾರುವವ. ಅಂದು ಮಾಲು ತರಲು ಸೊಲ್ಲಾಪುರಕ್ಕೆ ಹೋಗಿದ್ದ. ಅವನ ಸೈಕಲ್ ಅಂಗಳದಲ್ಲಿತ್ತು.

"ಕಲಸಾವರು ಯಾರು?" ಎಂದಳು ಶಂಕ್ರೆವ್ವ.

"ನಾನs," ಎಂದಳು ರಹಿಮಾಬಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ನಾ ಹತ್ತಿಲ್ಲ ಖರೆ. ಇಪ್ಪತ್ತು ವರ್ಷ ನಮ್ಮವರು ಬೀಳೂದು ನೋಡೇನಿ, ಸಾಲೂದಿಲ್ಲೇನು?"

ಧೂಳಪ್ಪ ಕಟ್ಟೆಯ ಮೇಲಿಂದ ಸೀಟು ಏರಿದ. ರಹಿಮಾಬಿ ಹಿಂದೆ ಹಿಡಿದು ನೂಕಿದಳು. ಎದುರು ಮನೆಯವರು ಚಾಪೆಯ ಮೇಲೆ ಸಂಡಿಗೆ ಒಣ ಹಾಕಿದ್ದರು. 'ಅದರ ಮ್ಯಾಲ ಹೋಗಬಾರದು' ಎಂದು ಧೂಳಪ್ಪ ಅದನ್ನೇ ದಿಟ್ಟಿಸಿದ. ಸೈಕಲ್ ನೆಟ್ಟಗೆ ಅಲ್ಲಿಗೇ ಹೋಯಿತು. ಎರಡನೇ ಸಲ ಎಮ್ಮೆಯನ್ನು ದಿಟ್ಟಿಸಿದ. ಎಮ್ಮೆಯೂ ಇವನನ್ನು ದಿಟ್ಟಿಸಿತು. ಇಬ್ಬರಲ್ಲಿ ಬಿದ್ದವನು ಇವನೇ.

"ಅಣ್ಣಾ, ನೀ ಏನ ನೋಡ್ತಿ, ಅಲ್ಲೇ ಹೋಗತೈತಿ ಇದು!" ಎಂದು ರಹಿಮಾಬಿ ಕಿರುಚಿದಳು. "ಬಡೀಬಾರದು ಅಂದ್ರ ನೋಡಬ್ಯಾಡ!"

"ನಮ್ಮ ಮನಿಯವರು ನೋಡಿದ್ದನ್ನ ಬಿಡೂದಿಲ್ಲವ್ವಾ," ಎಂದು ಶಂಕ್ರೆವ್ವ ಬಾಗಿಲಲ್ಲಿ ಕೂತು ನಕ್ಕಳು. ಅವಳ ತವರು ಸಾಲೋಟಗಿ. ಗಂಡ ಅತ್ತ ಬೀಳುತ್ತಿದ್ದರೆ ಇತ್ತ ಅವಳು ಹಳೇ ಕೌದಿ ಮಡಚಿ, ಕ್ಯಾರಿಯರಿಗೆ ಕಟ್ಟಲೆಂದು ಮೆತ್ತೆ ಹೊಲಿಯುತ್ತಿದ್ದಳು. ತವರಿಗೆ ಅದರ ಮೇಲೆ ಕೂತು ಹೋಗುವ ಆಸೆ ಅವಳಿಗೆ.

ಎರಡೂವರೆಗೆ ಧೂಳಪ್ಪನಿಗೆ ಕಟ್ಟೆ ಇದ್ದರೆ ಏರುವುದು, ಏರಿದರೆ ತುಳಿಯುವುದು ಎರಡೂ ಬಂದಿದ್ದವು.

"ರಹಿಮವ್ವಾ, ಇಳಿಯೂದು ಕಲಸಲಿಲ್ಲಲ್ಲ?"

"ಅದನ್ನೇನ ಕಲಸೂದು? ಮುಂಜಾನಿಂದ ಹದಿನಾಲ್ಕು ಸಲ ಇಳದೀ. ಒಂದ ಸಲಾನೂ ನನ್ನ ಕೇಳಿದೇನು?"

ಮೂರಕ್ಕೆ ಇಡೀ ಕಚೇರಿ ಅಂಗಳದಲ್ಲಿ ನೆರೆದಿತ್ತು. ಸಾಹೇಬರು ಕುರ್ಚಿ ಹಾಕಿಸಿಕೊಂಡಿದ್ದರು. "ಬೇವಿನಗಿಡಾ ಒಂದ ಸುತ್ತ ಹೊಡದು ಇಳಿ," ಎಂದರು. ಬಸಂತರಾಯರು ಖರೇ ಪರೀಕ್ಷೆಯಾಗಲೆಂದು ಅಂದಿನ ಟಪಾಲು ಚೀಲವನ್ನೇ ಅವನ ಹೆಗಲಿಗೆ ಹಾಕಿದರು. ಧೂಳಪ್ಪ ತಂದು ಕಟ್ಟಿದ ಶಂಕ್ರೆವ್ವನ ಮೆತ್ತೆ ಹಸಿರು ಸೈಕಲ್ಲಿನ ಕ್ಯಾರಿಯರ್ ಮೇಲೆ ಮೆರೆಯುತ್ತಿತ್ತು.

ಮೆಟ್ಟಿಲ ಮೇಲಿಂದ ಏರಿದ ಧೂಳಪ್ಪ ಬೇವಿನಗಿಡ ಬಡಿಯಬಾರದೆಂದು ಗೇಟು ನೋಡಿದ. ಸೈಕಲ್ ಗೇಟಿನಿಂದ ಆಚೆ ಹೋಯಿತು. ರಸ್ತೆಯಲ್ಲಿ ಬಂಡಿ ಬಡಿಯಬಾರದೆಂದು ದೂರದ ದಿಗಂತ ನೋಡಿದ. ದಿಗಂತ ಸಾಲೋಟಗಿಯ ಕಡೆಗಿತ್ತು.

"ಏ ಧೂಳ್ಯಾ! ಇಳಿಯಲೇ!" ಎಂದು ಯಂಕಪ್ಪ ಕೂಗಿದ.

"ಇಳ್ಯಾಕ ಬಂದಿದ್ರ ಹೋಗತಿದ್ನೇನೋ!" ಎಂಬ ಉತ್ತರ ಧೂಳಿನೊಳಗಿಂದ ಬಂತು.

ಸಾಲೋಟಗಿಯಲ್ಲಿ ಅವನನ್ನು ನಿಲ್ಲಿಸಿದ್ದು ಜೋಳದ ದಂಟು ಒಟ್ಟಿದ ಒಂದು ಕಣಿಕೆಯ ಬಣವೆ. ಮೈತುಂಬ ಒಣ ಎಲೆಯ ರವದಿ ಮೆತ್ತಿಕೊಂಡು ಎದ್ದ ಧೂಳಪ್ಪ, ಹೆಂಗೂ ಬಂದಾಗಿದೆಯಲ್ಲ ಎಂದು ಊರ ಲೆಕ್ಕ ಬರೆಯುವ ತಲಾಟಿಗೆ ಟಪಾಲು ಕೊಟ್ಟು, ರುಜು ಹಾಕಿಸಿಕೊಂಡು, ಚಾವಡಿಯ ಕಟ್ಟೆಯಿಂದ ಮತ್ತೆ ಏರಿದ. ಕಚೇರಿಯ ಅಂಗಳಕ್ಕೆ ಬಂದಾಗ ಯಂಕಪ್ಪ ಅಡ್ಡ ನಿಂತಿದ್ದ. ನೋಡಬಾರದಿತ್ತು; ನೋಡಿದ. ಆ ಹೊಟ್ಟೆಗಿಂತ ಒಳ್ಳೇ ಬ್ರೇಕು ಯಾವ ಕಂಪನಿಯೂ ಮಾಡಲಿಕ್ಕಿಲ್ಲ.

ಸಾಹೇಬರು ರುಜು ನೋಡಿದರು, ಗಡಿಯಾರ ನೋಡಿದರು. "ಒಂದ ತಾಸಿನ್ಯಾಗ ಸಾಲೋಟಗಿಗೆ ಹೋಗಿ ಬಂದ್ಯಾ? ಶಾಬ್ಬಾಸ್! ಪಾಸ್!"

ಚಪ್ಪಾಳೆ ಬಿತ್ತು. ಧೂಳಪ್ಪನ ಹಿಮ್ಮಡಿಗಳೂ ನಕ್ಕವು.

"ಆದ್ರ..." ಸಾಹೇಬರ ಹುಬ್ಬು ಗಂಟಾಯಿತು. "ಇಷ್ಟ ಲಗೂ ಬಂದ್ಯಂದ್ರ ಊರು ಸನೇದ ಇರಬೇಕಲ್ಲ. ಬಸಂತರಾವ್, ಆ ಹುಕುಮಿನ ಹಿಂದಿನ ಬಾಜೂ ಓದ್ರಿ."

ಮುಂಜಾನೆ ಹಿಂಬದಿಯನ್ನು ಯಾರೂ ತಿರುವಿರಲಿಲ್ಲ. ಬಸಂತರಾಯರು ಕನ್ನಡಕ ಏರಿಸಿದರು: "ಕಚೇರಿಯಿಂದ ಐದು ಮೈಲಿಗೆ ಕಡಿಮೆ ಇರುವ ಗ್ರಾಮಗಳಿಗೆ ಸೈಕಲ್ ಬಳಸತಕ್ಕದ್ದಲ್ಲ."

"ಸಾಲೋಟಗಿ ಮೈಲಿಗಲ್ಲಿನ ಮ್ಯಾಲ ಐದು ಮೈಲಿ ಅಂತ ಕೆತ್ತ್ಯಾರ್ರಿ ಸಾಹೇಬ್ರ!" ಎಂದು ಧೂಳಪ್ಪ ಕೈ ಮುಗಿದ. "ನಾ ದಿನಾ ಅದರ ಮ್ಯಾಲೇ ಕುಂತ ಬೀಡಿ ಸೇದತೇನ್ರಿ!"

"ಕಲ್ಲು ಪ್ಯಾಟಿಯಿಂದ ಲೆಕ್ಕಾ ಹಿಡಿತೈತೋ," ಎಂದರು ಸಾಹೇಬರು. " ನಮ್ಮ ಕಚೇರಿ ಪ್ಯಾಟಿ ಬಿಟ್ಟು ಅರ್ಧ ಮೈಲಿ, ಅದೂ ಸಾಲೋಟಗಿ ರಸ್ತಾದ ಮ್ಯಾಲೇ ಐತಿ. ನಾಲ್ಕೂವರಿ ಮೈಲಿ ಆತು. ನೀ ನಡದs ಹೋಗು. ಸೈಕಲ್ ಯಂಕಪ್ಪಗ. ಝಳಕಿ ದೂರ ಐತಿ."

"ಯಪ್ಪಾ! ನನಗ ಬರೂದಿಲ್ರಿ!" ಎಂದು ಯಂಕಪ್ಪ ಹೊಟ್ಟೆ ಹಿಡಿದುಕೊಂಡ.

"ಧೂಳಪ್ಪ ಪಾಸ್ ಆಗ್ಯಾನಲ್ಲ, ಅಂವ ಕಲಸ್ತಾನ. ದಿನಾ ಮುಂಜಾನೆ ಒಂದ ತಾಸು."

ಕೌದಿಯ ಮೆತ್ತೆ ಬಿಚ್ಚಲು ಹೋದ ಧೂಳಪ್ಪನ ಕೈಯನ್ನು ಬಸಂತರಾಯರು ತಡೆದರು. "ಬ್ಯಾಡೋ. ಮೆತ್ತಿ ಸಮೇತ ರಜಿಸ್ಟರಿಗೆ ಏರಿಸೇನಿ. ಈಗದು ಸರಕಾರಿ."

ಶುಕ್ರವಾರ ಮುಂಜಾನೆ ಕಚೇರಿಯ ಮುಂದಿನ ಸಾಲೋಟಗಿ ರಸ್ತೆಯಲ್ಲಿ, ಹೆಗಲಿಗೆ ಟಪಾಲು ಚೀಲ ಹಾಕಿಕೊಂಡ ಧೂಳಪ್ಪ ಯಂಕಪ್ಪ ಕೂತ ಸೈಕಲ್ಲಿನ ಹಿಂದೆ ಅತ್ತಿಂದಿತ್ತ ಓಡುತ್ತಿದ್ದ. ಒಂದು ತಾಸಾಗುತ್ತಲೇ ಕೈ ಬಿಟ್ಟ. ಯಂಕಪ್ಪ ತೂರಾಡುತ್ತ ಮುಂದೆ ಹೋದ.

"ಧೂಳ್ಯಾ! ಇಳಿಯೂದು ಹೆಂಗೋ?"

"ಅದನ್ನ ಯಾರೂ ಕಲಸೂದಿಲ್ಲೋ ತಮ್ಮಾ," ಎಂದು ಧೂಳಪ್ಪ ಚೀಲ ಸರಿಮಾಡಿಕೊಂಡು, ತನ್ನ ನಾಲ್ಕೂವರೆ ಮೈಲಿ ನಡೆಯತೊಡಗಿದ.