ಆರಾಮ ಎಂದು ಹೇಳಿ ಕೆಟ್ಟೆವು

ಹೇಗಿದ್ದೀರಿ ಎಂದು ಕೇಳಿದವರಿಗೆ ನಿಜ ಹೇಳುವ ರೂಢಿ ನಮ್ಮ ಕಡೆ ಇಲ್ಲ. ಶಿರೂರಿನಲ್ಲಿ ನಮ್ಮತ್ತೆ ಚೇಳು ಕಡಿಸಿಕೊಂಡು ಒದ್ದಾಡುವಾಗಲೂ ನೋಡಲು ಬಂದವರಿಗೆ, "ಆರಾಮ ಅದೇನಿ, ನೀವು ಆರಾಮ?" ಎಂದಿದ್ದಳು. ಈ ರೂಢಿಯಿಂದಲೇ ನಮಗೆ ಬರಬೇಕಿದ್ದ ನರ್ಸು ತಪ್ಪಿಹೋಗುವುದರಲ್ಲಿದ್ದಳು.

ನಾನಿರುವುದು ವಿದ್ಯಾಗಿರಿಯ ವೃದ್ಧಾಶ್ರಮದಲ್ಲಿ. ಸೊಸೆ ಹೊರಗೆ ಹಾಕಿದಳೇ ಎಂದು ಮರುಗಬೇಡಿ. ಅವಳ ಅಡುಗೆ ನನಗೆ ಸೇರಲಿಲ್ಲ, ನನ್ನ ಬಾಯಿ ಅವಳಿಗೆ ಸೇರಲಿಲ್ಲ, ನಾನೇ ಬಂದೆ. ಆಶ್ರಮ ನಡೆಯುವುದು ಸರ್ಕಾರದ ಅನುದಾನದಲ್ಲಿ. ಅದರಲ್ಲಿ ಸಂಬಳ ಸಾಲುತ್ತಿದ್ದದ್ದು ಒಬ್ಬಳೇ ನರ್ಸಿಗೆ, ರೇಣುಕಾಗೆ. ಒಬ್ಬರ ಮೈ ಒರೆಸುವಷ್ಟರಲ್ಲಿ ಇನ್ನೊಬ್ಬರು ಕೂಗುತ್ತಿದ್ದರು. ಓಡಾಡಿ ರೇಣುಕಾಳ ಕಾಲು ಬಾತು, "ಇನ್ನೊಬ್ಬಾಕಿ ಬರಲಿಲ್ಲಂದ್ರ ನಾ ಖಾಸಗಿ ದವಾಖಾನಿಗೆ ಹೋಗ್ತೇನಿ" ಎಂದುಬಿಟ್ಟಳು. ಅವಳು ಹೋದರೆ ನಮ್ಮ ಗತಿ? ಇನ್ನೊಬ್ಬಳು ಬೇಕೋ ಬೇಡವೋ ನೋಡಲು ಅಧಿಕಾರಿಯೊಬ್ಬರು ಬರುವವರಿದ್ದರು. ನಾನು ಎಲ್ಲರಿಗೂ ತಾಕೀತು ಮಾಡಿದೆ: "ಸಾಹೇಬರ ಮುಂದ ಹಲ್ಲು ಕಿಸೀಬ್ಯಾಡ್ರಿ. ಇದ್ದ ಬ್ಯಾನಿ ಇದ್ಹಂಗ ಹೇಳ್ರಿ."

ಸಾಹೇಬರು ಬಂದು ಮೊದಲು ನನ್ನನ್ನೇ ಕೇಳಿದರು: "ಆರಾಮ ಅದೀರೇನ್ರಿ ಅಮ್ಮಾ?"

"ಆರಾಮ ಅದೇನ್ರಿ ಸಾಹೇಬ್ರ. ನಿಮ್ಮ ಮನ್ಯಾಗ ಎಲ್ಲಾರೂ ಆರಾಮ?" ಬಾಯಿ ತಾನಾಗಿ ಅಂದುಬಿಟ್ಟಿತು.

ನಾನೇ ಹಾದಿ ತಪ್ಪಿದ ಮೇಲೆ ಉಳಿದವರು ಬಿಡುತ್ತಾರೆಯೇ? ಮಗ್ಗುಲು ಬದಲಿಸಲಾಗದ ಗಂಗವ್ವ, "ಭಾಳ ಆರಾಮ್ರಿ" ಅಂದಳು. ಲಕ್ವಾ ಹೊಡೆದ ಬಸಪ್ಪ ನೆಟ್ಟಗಿರುವ ಕೈ ಎತ್ತಿ ನಕ್ಕ.

"ಎಲ್ಲಾರೂ ಗಟ್ಟಿ ಅದೀರಲ್ಲ! ಇನ್ನೊಬ್ಬ ನರ್ಸ್ ಯಾಕ ಬೇಕು?" ಅಂದರು ಸಾಹೇಬರು. ರೇಣುಕಾ ನನ್ನನ್ನು ನುಂಗುವಂತೆ ನೋಡಿ, ಬಸಪ್ಪನನ್ನು ಪಾಯಖಾನೆಗೆ ನಡೆಸಿಕೊಂಡು ಹೋದಳು.

ಸಾಹೇಬರು ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ. "ನಮ್ಮನ್ನ ಕೇಳಬ್ಯಾಡ್ರಿ ಸಾಹೇಬ್ರ. ಈ ಗಂಗವ್ವನ್ನ ಒಮ್ಮೆ ಎಬ್ಬಿಸಿ ಕೂಡಸ್ರಿ, ನೋಡೂಣು."

ಪಾಪ, ಒಳ್ಳೆಯ ಮನುಷ್ಯ. ಅಂಗಿಯ ತೋಳು ಮಡಚಿ ಅವಳನ್ನು ಎತ್ತಿದರು. ಗಂಗವ್ವ ಹಗುರ ಹೆಂಗಸಲ್ಲ, ಹೆದರಿ ಅವರ ಕೊರಳಿಗೆ ಜೋತುಬಿದ್ದು, "ಕೈ ಬಿಡಬ್ಯಾಡೋ ನನ್ನಪ್ಪಾ!" ಎಂದು ಚೀರಿದಳು. ಬಗ್ಗಿದ ಸಾಹೇಬರು ಬಗ್ಗಿದಂತೆಯೇ ಉಳಿದರು.

"ನರ್ಸಮ್ಮನ್ನ ಕರೀರಿ!"

"ಹೆಂಗ ಬರ್ತಾಳ್ರಿ? ಬಸಪ್ಪನ್ನ ಬಿಟ್ಟು ಬಂದ್ರ ಅಂವಾ ಬೀಳ್ತಾನ. ಇರಾಕಿ ಒಬ್ಬಾಕಿ."

ಇನ್ನೊಬ್ಬಳ ಸಂಬಳ ಮಂಜೂರಾಯಿತು. ಇಳಕಲ್ಲಿನ ಶಾಂತಾ ಬಂದಳು. ರೇಣುಕಾ ಉಳಿದಳು, ಕಾಲಿನ ಬಾವೂ ಇಳಿದಿದೆ. ನಮಗೆಲ್ಲ ಸುಖವೇ. ಒಂದೇ ತೊಂದರೆ: ಮೊದಲು ರೇಣುಕಾ ಗುಳಿಗೆ ಕೊಟ್ಟು ಮುಂದಿನ ಮಂಚಕ್ಕೆ ಓಡುತ್ತಿದ್ದಳು, ನಾನು ಅದನ್ನು ಕಿಟಕಿಯಾಚೆ ಎಸೆಯುತ್ತಿದ್ದೆ. ಈಗ ಒಬ್ಬಳು ಕೊಡುತ್ತಾಳೆ, ಇನ್ನೊಬ್ಬಳು ನುಂಗುವವರೆಗೂ ಕಾಯುತ್ತಾಳೆ. ಸರ್ಕಾರದ ದುಡ್ಡು ಸರಿಯಾಗಿ ಬಳಕೆಯಾಗುತ್ತಿದೆಯೇ ಎಂದು ಅನುಮಾನವಿದ್ದವರು ಬರಲಿ, ನಾಲಿಗೆ ಎತ್ತಿ ತೋರಿಸುತ್ತೇನೆ.