ಟೀಚರ್ ಯಾವೂರಾರು?

ನನ್ನ ಮುಖ ನೋಡಿದ ಕೂಡಲೇ ಜನ ಯಾವ ದೇಶ ಅಂತ ಕೇಳುತ್ತಾರೆ. ನಾನು ಸಿದ್ದಿ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಬಂದವರಂತೆ. ನಾನು ಬಂದದ್ದು ಯಲ್ಲಾಪುರದಿಂದ, ಬಸ್ಸಿನಲ್ಲಿ. ಹದಿನಾಲ್ಕು ವರ್ಷದಿಂದ ಶಿಕಾರಿಪುರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ. ಇದನ್ನೆಲ್ಲ ಒಬ್ಬೊಬ್ಬರಿಗೂ ಹೇಳಿ ಸಾಕಾಗಿ, ಹೈಸ್ಕೂಲ್ ಮಕ್ಕಳು ಓದಲಿ ಅಂತ ಒಂದು ಕಾದಂಬರಿಯನ್ನೇ ಬರೆದೆ. ಹಾಸ್ಟೆಲ್ಲಿಗೆ ಸೇರುವ ಸಿದ್ದಿ ಹುಡುಗಿಯ ಕತೆ. ಆಮೇಲೆ ಕೇಳುವವರು ಇನ್ನೂ ಜಾಸ್ತಿಯಾದರು.

ನೆರಳು

ಪ್ರಕಾಶಕರು ಮುಖಪುಟ ಕಳಿಸಿದರು. ಹುಡುಗಿ ಹಾಲಿನಂತೆ ಬೆಳ್ಳಗಿದ್ದಳು. ಫೋನ್ ಮಾಡಿ, ಕತೆಯಲ್ಲಿ ಇವಳ ಬಣ್ಣದ ಮೇಲೇ ಮೂರು ಅಧ್ಯಾಯ ಇದೆಯಲ್ಲ ಅಂದೆ. ಕಲಾವಿದರು ಓದಿದ್ದಾರೆ, ಹುಡುಗಿ ಬಿಸಿಲಿನಲ್ಲಿ ನಿಂತಿರುವುದರಿಂದ ಹಾಗೆ ಕಾಣುತ್ತಾಳೆ ಅಂತ ಉತ್ತರ ಬಂತು. ಹಾಗಾದರೆ ದಯವಿಟ್ಟು ನೆರಳಿಗೆ ಕರೆತನ್ನಿ ಅಂದೆ.

ವಾರದ ಮೇಲೆ ಎರಡನೇ ಮುಖಪುಟ ಬಂತು. ದೊಡ್ಡದೊಂದು ಹಲಸಿನ ಮರ. ಹುಡುಗಿ ಅದರ ಹಿಂದೆ ನಿಂತಿದ್ದಳು. ಈಚೆಗೆ ಕಾಣುತ್ತಿದ್ದುದು ಜಡೆ ಮಾತ್ರ. ನಮ್ಮ ಗುಂಗುರು ಕೂದಲಿನವರಿಗೆ ಅಂಥ ಜಡೆ ಎಲ್ಲಿಂದ? ನೆಟ್ಟಗೆ ಮೊಣಕಾಲಿನ ತನಕ ಇಳಿದಿತ್ತು.

ಕಷ್ಟದ ಭಾಷೆ

ಪುಸ್ತಕ ಬಂದ ಮೇಲೆ ಸೊರಬದ ಕಡೆಯ ಒಂದು ಶಾಲೆಯವರು ಮಾತಾಡಲು ಕರೆದರು. ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ನೋಡಿ, ತುಸು ಹೊತ್ತು ಇಂಗ್ಲಿಷ್ ಕೂಡಿಸಿಕೊಂಡು, "ಮೇಡಂ, ವೇರ್ ಗೋಯಿಂಗ್?" ಅಂದರು. ಸೊರಬಕ್ಕೆ ಒಂದು ಕೊಡಿ ಅಂತ ಆಧಾರ್ ಕಾರ್ಡ್ ತೋರಿಸಿದೆ. ಕಾರ್ಡನ್ನೂ ನನ್ನನ್ನೂ ಎರಡೆರಡು ಸಲ ನೋಡಿ ಫ್ರೀ ಟಿಕೆಟ್ ಕೊಟ್ಟರು.

ಸ್ವಲ್ಪ ದೂರ ಹೋದ ಮೇಲೆ ಹತ್ತಿರ ಬಂದು, ಕನ್ನಡ ಚೆನ್ನಾಗಿ ಬರುತ್ತದಲ್ಲ, ಕಲಿಯಲಿಕ್ಕೆ ಎಷ್ಟು ವರ್ಷ ಹಿಡಿಯಿತು ಅಂತ ವಿಚಾರಿಸಿದರು. ನಲವತ್ತೊಂದು ಅಂದೆ.

ಅವರಿಗೆ ಪಾಪ ಅನ್ನಿಸಿರಬೇಕು. "ಇರ್ಲಿ ಬಿಡ್ರಿ ಮೇಡಂ, ಕಷ್ಟದ ಭಾಷೆ" ಅಂದರು.

ನನ್ನ ಹಾಗೇ ಇದ್ದವಳು

ಶಾಲೆಯ ಮಕ್ಕಳು ಕಾದಂಬರಿ ಓದಿಕೊಂಡೇ ಬಂದಿದ್ದರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, ಕತೆಯ ಹುಡುಗಿ ಥೇಟ್ ತನ್ನ ಹಾಗೇ, ಓದುತ್ತ ಅತ್ತುಬಿಟ್ಟೆ ಅಂದಳು. ನಾನು ಬರೆದದ್ದೇ ಇಂಥ ಒಬ್ಬಳಿಗಾಗಿ. ಆಮೇಲೆ ಅವಳನ್ನು ಸರಿಯಾಗಿ ನೋಡಿದೆ. ಗೋಧಿ ಬಣ್ಣ, ನೇರ ಕೂದಲು. ನಿನಗೆ ಯಾರು ಏನಂತಾರಮ್ಮ ಅಂತ ಕೇಳಿದೆ.

"ನಾನು ಶಿಕಾರಿಪುರದಾಕಿ ರೀ. ಏನು ಮಾತಾಡಿದ್ರೂ ಇಲ್ಲಿ ನಗ್ತಾರ."

ಎಲ್ಲರೂ ನಕ್ಕರು. ಹೆಡ್‌ಮಿಸ್ಸು ಮೇಜು ಕುಟ್ಟಿ ಸುಮ್ಮನಾಗಿಸಿ, ಅವಳಿಗೆ ಸಮಾಧಾನ ಹೇಳಿದರು. "ನೋಡಮ್ಮ, ಇವರು ಆಫ್ರಿಕಾದಿಂದ ಬಂದು ಹೊಂದ್ಕೊಂಡಿದ್ದಾರೆ. ನಿನಗೆ ಶಿಕಾರಿಪುರದಿಂದ ಬಂದು ಹೊಂದ್ಕೊಳ್ಳೋಕೆ ಏನು ಕಷ್ಟ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಅಂದಳು: "ಎಲ್ಲಿ ಆಫ್ರಿಕಾ ರೀ ಮೇಡಂ? ಟೀಚರೂ ನಮ್ಮ ಶಿಕಾರಿಪುರದೋರೇ. ನಮ್ಮಕ್ಕಗ ಪಾಠ ಮಾಡ್ಯಾರ."

ಹಿಂದಿನ ಬೆಂಚಿನಲ್ಲಿ ಯಾರೋ ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಓ, ಅದಕ್ಕೇ ಮಾರಾಯ್ತಿ, ಇವರ ಮಾತೂ ಹಾಗೆ."

ಇಡೀ ಸಭೆ ನಕ್ಕಿತು. ಶಿಕಾರಿಪುರದವಳು ಅಂತ ಜನ ನನ್ನನ್ನು ನೋಡಿ ನಕ್ಕಿದ್ದು ಅದೇ ಮೊದಲು. ಆ ಸಂತೋಷಕ್ಕೆ ಇನ್ನೂ ಒಂದು ಗಂಟೆ ಮಾತಾಡಿದೆ.